ಹೃದಯಕ್ಕೂ ಬಿಡುವುಂಟು

‘ನಿಧಾನವೇ ಪ್ರಧಾನ’ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಅದನ್ನು ನಂಬಿ ನಡೆಯುವವರು ಮಾತ್ರ ವಿರಳ. ಮುಂಜಾನೆ ಎದ್ದೊಡನೆ ಮನೆಪಾಠ, ಅನಂತರ ಬಸ್ಸಿನ ನೂಕುನುಗ್ಗಲು, ಹಗಲೆಲ್ಲ ಕಾಲೇಜು, ರಾತ್ರಿ ಕೈಯಲ್ಲಿ ಮೊಬೈಲು—ಹೀಗೆ ಓಡುತ್ತಿರುವ ವಿದ್ಯಾರ್ಥಿಗೆ ನಿಧಾನವೆಂಬುದು ಸೋಮಾರಿತನದ ಮತ್ತೊಂದು ಹೆಸರಾಗಿ ತೋರಿದರೆ ಆಶ್ಚರ್ಯವಿಲ್ಲ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ಸರಿ? ಉತ್ತರಕ್ಕಾಗಿ ನೀತಿಗ್ರಂಥಗಳನ್ನು ಹುಡುಕಬೇಕಾಗಿಲ್ಲ. ಅದು ನಮ್ಮ ಎದೆಯೊಳಗೇ ಇದೆ.

ಒಂಬತ್ತು ಗಂಟೆಯ ದುಡಿಮೆ

ಹೃದಯಕ್ಕೆ ವಿಶ್ರಾಂತಿಯೆಂಬುದೇ ಇಲ್ಲವೆಂದು ಹೇಳುವುದುಂಟು. ಲೆಕ್ಕ ಹಾಕಿ ನೋಡೋಣ. ನಿಮಿಷಕ್ಕೆ 75 ಬಾರಿ ಮಿಡಿಯುವ ಹೃದಯದಲ್ಲಿ ಒಂದು ಮಿಡಿತಕ್ಕೆ ಹಿಡಿಯುವ ಕಾಲ 0.8 ಸೆಕೆಂಡು. ಇದರಲ್ಲಿ ರಕ್ತವನ್ನು ಹೊರಕ್ಕೆ ನೂಕುವ ಕೋಣೆಗಳು, ಎಂದರೆ ಹೃತ್ಕುಕ್ಷಿಗಳು, ಸಂಕೋಚಿಸುವುದು ಸುಮಾರು 0.3 ಸೆಕೆಂಡು ಮಾತ್ರ, ಉಳಿದ 0.5 ಸೆಕೆಂಡು ಅವು ಸಡಿಲಗೊಂಡಿರುತ್ತವೆ. ಈ ಪ್ರಮಾಣದಲ್ಲಿ ದಿನದ 24 ಗಂಟೆಗಳಲ್ಲಿ ಹೃತ್ಕುಕ್ಷಿಗಳು ದುಡಿಯುವುದು ಒಂಬತ್ತು ಗಂಟೆ, ವಿರಮಿಸುವುದು ಹದಿನೈದು ಗಂಟೆ!

ಈ ವಿರಾಮ ವ್ಯರ್ಥಕಾಲವಲ್ಲ. ಮುಂದಿನ ಮಿಡಿತಕ್ಕೆ ಬೇಕಾದ ರಕ್ತ ಹೃತ್ಕುಕ್ಷಿಗಳಲ್ಲಿ ತುಂಬಿಕೊಳ್ಳುವುದು ಆಗಲೇ. ಅಲ್ಲದೆ, ಎಡ ಹೃತ್ಕುಕ್ಷಿಯ ದಪ್ಪ ಗೋಡೆಗೆ ಆಹಾರವನ್ನೂ ಆಮ್ಲಜನಕವನ್ನೂ ಒಯ್ಯುವ ಕಾರೊನರಿ ಧಮನಿಯ ಕವಲುಗಳನ್ನು ಸಂಕೋಚನದ ಸಮಯದಲ್ಲಿ ಸ್ನಾಯುವೇ ಹಿಂಡಿಬಿಡುತ್ತದೆ. ಆದ್ದರಿಂದ ಊರಿಗೆಲ್ಲ ಉಣಬಡಿಸುವ ಈ ಕೋಣೆ ತಾನು ಉಣ್ಣುವುದು ಬಹುಪಾಲು ಬಿಡುವಿನ ವೇಳೆಯಲ್ಲಿ.

ಮಿಡಿತದ ವೇಗ ಹೆಚ್ಚಿದಾಗ ಏನಾಗುತ್ತದೆ? ನಿಮಿಷಕ್ಕೆ 200 ಮಿಡಿತಗಳಾದರೆ ಸಂಕೋಚನದ ಕಾಲ ಸುಮಾರು ಅರ್ಧಕ್ಕೆ ಇಳಿಯುತ್ತದೆ; ವಿರಾಮದ ಕಾಲವಾದರೋ ಸುಮಾರು ಕಾಲುಭಾಗಕ್ಕೆ ಕುಗ್ಗುತ್ತದೆ. ಅವಸರವು ಕತ್ತರಿ ಹಾಕುವುದು ದುಡಿಮೆಗಿಂತ ಹೆಚ್ಚಾಗಿ ವಿಶ್ರಾಂತಿಗೆ. ಆರೋಗ್ಯವಂತ ತರುಣನ ಹೃದಯ ಓಟದ ಪಂದ್ಯದಲ್ಲಿ ಇದನ್ನು ಸಹಿಸಬಲ್ಲದು. ಓಟ ಮುಗಿದ ಮೇಲೆ ಮತ್ತೆ ನಿಧಾನಕ್ಕೆ ಮರಳಬಲ್ಲದು. ಹೀಗೆ ಮರಳುವ ಸಾಮರ್ಥ್ಯವೇ ಅದರ ಆರೋಗ್ಯದ ಒಂದು ಲಕ್ಷಣ.

ವೇಗಸ್ ಎಂಬ ಕಡಿವಾಣ

ಹೃದಯವನ್ನು ನಿಧಾನಗೊಳಿಸಲು ಶರೀರದಲ್ಲಿ ಪ್ರತ್ಯೇಕ ಏರ್ಪಾಡೇ ಇದೆ. ಮಿದುಳಿನ ಬುಡದಿಂದ ಹೊರಟು ಕತ್ತು, ಎದೆ, ಹೊಟ್ಟೆಗಳಲ್ಲೆಲ್ಲ ಸಂಚರಿಸುವ ನರಕ್ಕೆ ವೇಗಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಇದರ ಅರ್ಥ ‘ಅಲೆಯುವಂಥದು’ ಎಂದು. ಕನ್ನಡದ ಕಿವಿಗೆ ವೇಗವೆಂದು ಕೇಳಿಸುವ ಈ ನರದ ಕೆಲಸ ಮಾತ್ರ ವೇಗಕ್ಕೆ ಕಡಿವಾಣ ಹಾಕುವುದು! ಇದನ್ನು ಪ್ರಚೋದಿಸಿದರೆ ಹೃದಯ ನಿಧಾನವಾಗುತ್ತದೆಂದು ಜರ್ಮನಿಯ ವೇಬರ್ ಸಹೋದರರು 1845ರಲ್ಲಿ ತೋರಿಸಿದರು. 1921ರಲ್ಲಿ ಆಟೊ ಲೋವಿ ಒಂದು ಕಪ್ಪೆಯ ಹೃದಯವನ್ನು ಹೀಗೆ ನಿಧಾನಗೊಳಿಸಿ, ಅದರಲ್ಲಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದ. ಆ ಹೃದಯವೂ ನಿಧಾನವಾಯಿತು. ನರವು ಒಂದು ರಾಸಾಯನಿಕದ ಮೂಲಕ ಆಜ್ಞೆ ನೀಡುತ್ತದೆಂದು ಇದರಿಂದ ತಿಳಿಯಿತು. ಆ ವಸ್ತು ಅಸಿಟೈಲ್‌ಕೋಲೀನ್. ಈ ಕ್ಷೇತ್ರದ ಸಂಶೋಧನೆಗಾಗಿ ಲೋವಿ ಮತ್ತು ಹೆನ್ರಿ ಡೇಲ್ 1936ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಈ ಕಡಿವಾಣವಿಲ್ಲದಿದ್ದರೆ ನಮ್ಮ ಹೃದಯ ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ ನೂರರ ಆಸುಪಾಸಿನಲ್ಲಿ ಮಿಡಿಯುತ್ತಿತ್ತು. ಕಸಿಮಾಡಿದ ಹೃದಯಕ್ಕೆ ವೇಗಸ್ ನರದ ಸಂಪರ್ಕ ತಪ್ಪಿರುವುದರಿಂದ ಅದು ವಿಶ್ರಾಂತಿಯಲ್ಲಿಯೂ ಬೇಗಬೇಗನೆ ಮಿಡಿಯುವುದನ್ನು ವೈದ್ಯರು ಕಂಡಿದ್ದಾರೆ. ಎಂದ ಮೇಲೆ, ನಿಧಾನವೆಂಬುದು ಕೆಲಸ ನಿಂತಾಗ ತಾನಾಗಿ ಒದಗುವ ಸ್ಥಿತಿಯಲ್ಲ. ಶರೀರವು ಕ್ಷಣಕ್ಷಣವೂ ಎಚ್ಚರದಿಂದ ನಡೆಸುತ್ತಿರುವ ಕಾರ್ಯ.

ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚುತ್ತದೆ, ಒಳಗೆಳೆಯುವಾಗ ತಗ್ಗುತ್ತದೆ. ಶಾಂತವಾಗಿ ಕುಳಿತು ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿದರೆ ಈ ಏರಿಳಿತವನ್ನು ಅನೇಕರು ತಾವೇ ಗುರುತಿಸಬಹುದು. ಪರೀಕ್ಷೆಯ ಕೊಠಡಿಯಲ್ಲಿ ಎದೆ ಹೊಡೆದುಕೊಳ್ಳುವಾಗ ನಾಲ್ಕಾರು ಬಾರಿ ನೀಳವಾಗಿ ಉಸಿರು ಬಿಡೆಂದು ಹಿರಿಯರು ಹೇಳುವುದಕ್ಕೆ ಇಲ್ಲೊಂದು ಆಧಾರವಿದೆ.

ನೆನಪಿಗೂ ಕಾಲಾವಕಾಶ

ಬಿಡುವಿನ ಬೆಲೆ ಮಿದುಳಿನ ಕೆಲಸದಲ್ಲಿಯೂ ಕಾಣುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ ನೆನಪಿನ ಶಕ್ತಿಯನ್ನು ಅಳೆದ. 1885ರಲ್ಲಿ ಅವನು ಪ್ರಕಟಿಸಿದ ಫಲಿತಾಂಶಗಳಲ್ಲಿ ಒಂದು ವಿದ್ಯಾರ್ಥಿಗಳಿಗೆ ಬಹು ಮುಖ್ಯವಾದುದು. ಹನ್ನೆರಡು ಗುಚ್ಛಗಳ ಒಂದು ಸಾಲನ್ನು ಒಂದೇ ದಿನ ಬಿಡದೆ 68 ಬಾರಿ ಹೇಳಿಕೊಂಡಾಗ ದೊರೆತಷ್ಟೇ ಫಲ, ಮೂರು ದಿನಗಳಲ್ಲಿ ಹಂಚಿ 38 ಬಾರಿ ಹೇಳಿಕೊಂಡಾಗಲೂ ದೊರೆಯಿತು. ನಡುವೆ ಬಿಡುವಿತ್ತ ಮಾತ್ರಕ್ಕೆ ಮೂವತ್ತು ಬಾರಿಯ ಶ್ರಮ ಉಳಿಯಿತು!

ಕಲಿತ ವಿಷಯ ಆ ಕ್ಷಣದಲ್ಲೇ ನೆಲೆಗೊಳ್ಳುವುದಿಲ್ಲ, ಗಟ್ಟಿಯಾಗಲು ಅದಕ್ಕೆ ಕಾಲ ಬೇಕು ಎಂಬ ವಿಚಾರವನ್ನು ಮ್ಯೂಲರ್ ಮತ್ತು ಪಿಲ್ಟ್ಸೆಕರ್ 1900ರಲ್ಲಿ ಮಂಡಿಸಿದರು. ಈ ಕಾರ್ಯಕ್ಕೆ ನಿದ್ರೆ ಬಹಳವಾಗಿ ನೆರವಾಗುತ್ತದೆಂದು ಅನಂತರದ ಪ್ರಯೋಗಗಳು ತೋರಿಸಿವೆ. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಓದುವವನು ತುಂಬಿಸುವ ಆತುರದಲ್ಲಿ ನೆಲೆಗೊಳಿಸುವ ಕಾಲವನ್ನೇ ಕಳೆದುಕೊಳ್ಳುತ್ತಾನೆ.

ಇದನ್ನು ಓದಿ ಪುಸ್ತಕವನ್ನು ಮುಚ್ಚಿಡಲು ಅನುಮತಿ ದೊರೆಯಿತೆಂದು ಯಾರೂ ಭಾವಿಸಬಾರದು. ಹೃದಯವು ಹದಿನೈದು ಗಂಟೆ ವಿರಮಿಸುವುದು ಉಳಿದ ಒಂಬತ್ತು ಗಂಟೆ ದುಡಿಯುವುದಕ್ಕಾಗಿ. ಎಬ್ಬಿಂಗ್‌ಹೌಸನಿಗೂ 38 ಬಾರಿಯ ಶ್ರಮ ತಪ್ಪಲಿಲ್ಲ. ಇಂದು ಓದಿದ ಪಾಠವನ್ನು ನಾಳೆ ಒಮ್ಮೆ, ವಾರದ ಬಳಿಕ ಇನ್ನೊಮ್ಮೆ ನೆನಪಿಗೆ ತಂದುಕೊಳ್ಳುವುದು, ಓದಿನ ನಡುವೆ ಕೆಲವು ನಿಮಿಷ ಮೊಬೈಲನ್ನೂ ಬದಿಗಿರಿಸಿ ಸುಮ್ಮನೆ ನಡೆದಾಡುವುದು, ರಾತ್ರಿ ವೇಳೆಗೆ ಸರಿಯಾಗಿ ಮಲಗುವುದು—ಇವಿಷ್ಟನ್ನು ಮುಂದಿನ ಪರೀಕ್ಷೆಯವರೆಗೆ ಆಚರಿಸಿ ನೋಡಿದರೆ ಗಾದೆಯ ಸತ್ಯಾಸತ್ಯತೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಸ್ವತಃ ಪರೀಕ್ಷಿಸಬಹುದು.