ಮರಳಿ ಬರುವ ಅತಿಥಿ

ಪ್ರಶ್ನೆ: ಹೆಲಿಕಾಪ್ಟರಿನಲ್ಲಿ ಶಿಖರಕ್ಕೇರಿ ಹಿಮದಲ್ಲಿ ಜಾರುವವರು ಪ್ರತಿವರ್ಷ ಅದೇ ವಸತಿಗೃಹಕ್ಕೆ ಮರಳುತ್ತಾರಂತೆ, ಏಕೆ? ನಮ್ಮ ಚಳ್ಳಕೆರೆ–ಮೊಳಕಾಲ್ಮೂರು ಸೀಮೆಗೆ ಅದರಿಂದ ಕಲಿಯುವುದುಂಟೆ?

ಉತ್ತರ: ಖಂಡಿತ ಉಂಟು. 1965ರಲ್ಲಿ ಕೆನಡಾದ ಬುಗಬೂ ಪರ್ವತಗಳಲ್ಲಿ ಹಾನ್ಸ್ ಗ್ಮೋಸರ್ ಈ ಹೆಲಿಕಾಪ್ಟರ್ ಜಾರಾಟವನ್ನು ಆರಂಭಿಸಿದಾಗ ಅತಿಥಿಗಳಿಗೆ ಸಿಕ್ಕದ್ದು ಮರ ಕಡಿಯುವವರ ಹಳೆಯ ಬಿಡಾರ. ಆದರೂ ಜನ ಬಂದರು. ಹಿಮಕುಸಿತದ ಭಯವಿರುವಲ್ಲಿ ‘ಇವತ್ತು ಬೇಡ’ ಎನ್ನಬಲ್ಲ ಮಾರ್ಗದರ್ಶಿಯ ಮೇಲಿನ ನಂಬಿಕೆಯೇ ಅವರನ್ನು ಮರಳಿಸುತ್ತದೆ. ಮೆತ್ತನೆಯ ಹಾಸಿಗೆ ಆಮೇಲಿನದು. ನಮ್ಮ ಕಬಿನಿಯ ಕಾಡಿನ ವಸತಿಗೃಹಕ್ಕೂ ಕಾಡು ಬಲ್ಲ ಆತಿಥೇಯ ಕರ್ನಲ್ ಜಾನ್ ವೇಕ್‌ಫೀಲ್ಡ್ ಅಂಥ ಆಕರ್ಷಣೆಯಾಗಿದ್ದರು.

ಮೊಳಕಾಲ್ಮೂರಿನಲ್ಲಿ ಹಿಮವಿಲ್ಲ, ಅಶೋಕನಿದ್ದಾನೆ! ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅವನ ಶಾಸನಗಳಿವೆ. ಅವನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಶಾಸನದ ಬಂಡೆಯನ್ನಷ್ಟೇ ನೋಡಿದವರು ಗಂಟೆಯೊಳಗೆ ಚಿತ್ರದುರ್ಗದ ದಾರಿ ಹಿಡಿದಾರು. ಅದರ ಬ್ರಾಹ್ಮಿ ಅಕ್ಷರವನ್ನು ಬೆರಳಿಟ್ಟು ಓದಿಸುವ, ಸಂಜೆ ರೇಷ್ಮೆ ಮಗ್ಗದ ಮುಂದೆ ಕೂರಿಸುವ, ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿಗೆ ಮತ್ತೆ ಕರೆಯುವ ಸ್ಥಳೀಯರೊಬ್ಬರಿದ್ದರೆ ಬಂದವರು ರಾತ್ರಿ ತಂಗುತ್ತಾರೆ. ಹಾಗಾಗಿ ಕೋಣೆ ಕಟ್ಟುವ ಮೊದಲು ಊರಿನ ಯುವಕ ಯುವತಿಯರಿಗೆ ಆ ಲಿಪಿ ಕಲಿಸಿ. ಬಿಸಿಲಿನ ಸೀಮೆಯಾದ್ದರಿಂದ, ತೇರಿನ ಹೊತ್ತನ್ನು ಬಿಟ್ಟರೆ, ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲವನ್ನೇ ನೆಚ್ಚಿಕೊಳ್ಳಿ.