ಕಡಲ ಮೇಲೊಂದು ಜೈಂಟ್ ವ್ಹೀಲ್

ದಡದಿಂದ ಸಮುದ್ರದೊಳಕ್ಕೆ ಕಂಬಗಳ ಮೇಲೆ ಕಟ್ಟಿದ ಉದ್ದನೆಯ ಕಟ್ಟೆಗೆ ಪಿಯರ್ ಎನ್ನುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಸಾಂಟಾ ಮೋನಿಕಾ ಪಿಯರ್ 1909ರಲ್ಲಿ ತೆರೆಯಿತು. ಅದನ್ನು ಕಟ್ಟಿದ್ದು ವಿಹಾರಕ್ಕಲ್ಲ, ನಗರದ ಕೊಳಚೆ ನೀರಿನ ಪೈಪನ್ನು ಅಲೆಗಳಾಚೆ ಒಯ್ಯಲು! 1916ರಲ್ಲಿ ಪಕ್ಕದಲ್ಲೇ ಮನರಂಜನೆಯ ಪಿಯರ್ ಸೇರಿಕೊಂಡಿತು.

1973ರಲ್ಲಿ ಹಳೆಯ ಪಿಯರನ್ನು ಕೆಡವಲು ನಗರಾಡಳಿತ ಹೊರಟಾಗ ಊರಿನ ಜನರೇ ಹೋರಾಡಿ ಉಳಿಸಿಕೊಂಡರು. ಆದರೆ 1983ರ ಬಿರುಗಾಳಿಗಳು ಅದರ ಸುಮಾರು ಮೂರನೇ ಒಂದು ಭಾಗವನ್ನು ಕಡಲಿಗೆ ಕೆಡವಿದವು.

ಮತ್ತೆ ಕಟ್ಟುವಾಗ ಮೊದಲು ಬಂದದ್ದು ಆಟದ ಯಂತ್ರಗಳಲ್ಲ, ಗಟ್ಟಿ ಕಂಬಗಳು. ಏಕೆಂದರೆ ಜೈಂಟ್ ವ್ಹೀಲಿನ ಭಾರ ಕೆಳಕ್ಕೆ ಒತ್ತುವುದಷ್ಟೇ ಅಲ್ಲ. ಗಾಳಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ, ಅಲೆಗಳು ಕಂಬಗಳಿಗೆ ಬಡಿಯುತ್ತಲೇ ಇರುತ್ತವೆ. ಉಪ್ಪುನೀರಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ, ಕಡಲ ಹುಳುಗಳು ಮರವನ್ನು ಕೊರೆಯುತ್ತವೆ. ಆದ್ದರಿಂದ ಕಾಂಕ್ರೀಟ್ ಬಳಸಿ ಬಲಪಡಿಸಿ, 1990ರಲ್ಲಿ ಮರುನಿರ್ಮಾಣ ಮುಗಿಸಿದರು. 'ಪೆಸಿಫಿಕ್ ಪಾರ್ಕ್' ತೆರೆದದ್ದು 1996ರಲ್ಲಿ. ಎರಡು ವರ್ಷಗಳ ನಂತರ ಅಲ್ಲಿನ ಜೈಂಟ್ ವ್ಹೀಲ್ ಸೌರಶಕ್ತಿಯಿಂದ ತಿರುಗತೊಡಗಿತು.

ಬಿರುಗಾಳಿಯಿಂದ ಪಾರ್ಕಿನವರೆಗೆ ಹದಿಮೂರು ವರ್ಷ. ಅದರಲ್ಲಿ ಹೆಚ್ಚಿನ ಸಮಯ ಹಿಡಿದದ್ದು ಪಿಯರನ್ನೇ ಮತ್ತೆ ನಿಲ್ಲಿಸಲು. ತೊಟ್ಟಿಲಲ್ಲಿ ಕುಳಿತು ಮೇಲೇರುವವರ ಜೀವ ಆ ಕಂಬಗಳ ಮೇಲಿದೆ.