ಫ್ರೀಜರ್‌ನಲ್ಲಿ ಸ್ಟ್ರಾಬೆರಿ, ಹಿಪ್ಪುನೇರಳೆ

ಸ್ಟ್ರಾಬೆರಿಯ ತೂಕದಲ್ಲಿ ಶೇ 90ರಷ್ಟು ನೀರೇ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಆಗ ಮೂಡುವ ಹರಳುಗಳು ಹಣ್ಣಿನ ಜೀವಕೋಶಗಳ ಗೋಡೆಯನ್ನು ಸೀಳುತ್ತವೆ. ಫ್ರೀಜರ್‌ನಿಂದ ಹೊರಬಂದ ಹಣ್ಣು ಕರಗುತ್ತಿದ್ದಂತೆ ಮೆತ್ತಗಾಗಿ ರಸ ಬಿಡುವುದು ಇದರಿಂದಲೇ. ಹೆಪ್ಪುಗಟ್ಟುವುದು ನಿಧಾನವಾದಷ್ಟೂ ಹರಳು ದೊಡ್ಡದು, ಹಾನಿಯೂ ಹೆಚ್ಚು. ಲ್ಯಾಬ್ರಡಾರ್‌ನ ಕೊರೆಯುವ ಚಳಿಯಲ್ಲಿ, ಹಿಡಿದ ಮೀನು ನೋಡನೋಡುತ್ತಿದ್ದಂತೆ ಗಟ್ಟಿಯಾಗಿ, ಆಮೇಲೆ ಬೇಯಿಸಿದಾಗಲೂ ತಾಜಾ ರುಚಿ ಕೊಡುವುದನ್ನು ಕಂಡ ಅಮೆರಿಕದ ಕ್ಲಾರೆನ್ಸ್ ಬರ್ಡ್ಸ್‌ಐ, 1920ರ ದಶಕದಲ್ಲಿ ಶೀಘ್ರವಾಗಿ ಹೆಪ್ಪುಗಟ್ಟಿಸುವ ಯಂತ್ರ ರೂಪಿಸಿದ್ದು ಇದೇ ಸೂತ್ರದ ಮೇಲೆ.

ಮನೆಯ ಫ್ರಿಜ್‌ಗೆ ಆ ವೇಗವಿಲ್ಲ. ಹಣ್ಣನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿಟ್ಟರೆ ಆ ಕೊರತೆ ಒಂದಿಷ್ಟು ತುಂಬುತ್ತದೆ. ಗಟ್ಟಿಯಾದ, ಪೂರ್ತಿ ಮಾಗಿದ ಹಣ್ಣನ್ನಷ್ಟೇ ಆರಿಸಬೇಕು. ಜಜ್ಜಿದ್ದು, ಬೂಸ್ಟು ಹಿಡಿದದ್ದು ಬೇಡ. ಸ್ಟ್ರಾಬೆರಿಯನ್ನು ತೊಟ್ಟಿರುವಾಗಲೇ ತೊಳೆಯಬೇಕು. ತೊಟ್ಟು ಕಿತ್ತು ತೊಳೆದರೆ ಹಣ್ಣು ನೀರು ಕುಡಿಯುತ್ತದೆ. ಬಟ್ಟೆಯ ಮೇಲೆ ಹರಡಿ, ಒಂದು ಹನಿಯೂ ಉಳಿಯದಂತೆ ಆರಿಸಿ, ತೊಟ್ಟು ತೆಗೆದು, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಒಂದೇ ಪದರವಾಗಿ ಜೋಡಿಸಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಬೇಕು. ಬೆಳಿಗ್ಗೆ ಗೋಲಿಯಂತಾದ ಹಣ್ಣನ್ನು ಜಿಪ್ ಚೀಲಕ್ಕೆ ತುಂಬಿ, ಗಾಳಿಯನ್ನೆಲ್ಲ ಒತ್ತಿ ತೆಗೆದು, ತಾರೀಖು ಬರೆದಿಟ್ಟರೆ ಮುಗಿಯಿತು. ಈ ಕ್ರಮ ಬಿಟ್ಟು ನೇರವಾಗಿ ಚೀಲಕ್ಕೆ ಸುರಿದರೆ, ಹಣ್ಣೆಲ್ಲ ಒಂದೇ ಗಟ್ಟಿಯಾಗಿ ಅಂಟಿಕೊಂಡು, ಆಮೇಲೆ ಕುಟ್ಟಣಿಗೆ ತಂದು ಒಡೆಯಬೇಕಾದೀತು! ಗಾಳಿ ಉಳಿದರೆ ಹಣ್ಣಿನ ತೇವ ಆವಿಯಾಗಿ ಮೇಲ್ಮೈ ಒಣಗಿ ಬಿಳುಚಿಕೊಳ್ಳುತ್ತದೆ. ಕೆಡುವುದಿಲ್ಲ, ರುಚಿ ಮಾತ್ರ ಹೋಗುತ್ತದೆ.

ಹಿಪ್ಪುನೇರಳೆಗೂ ಇದೇ ವಿಧಾನ. ಅದರ ಹಸಿರು ತೊಟ್ಟನ್ನು ಕೀಳುವ ಗೋಜು ಮೊದಲು ಬೇಡ, ಹೆಪ್ಪುಗಟ್ಟಿದ ಮೇಲೆ ಕತ್ತರಿಸಿದರೆ ಕೈಗೆ ಬಣ್ಣ ಅಂಟುವುದಿಲ್ಲ. ನೇರಳೆ ಹಣ್ಣನ್ನೂ ಇಡುವುದಾದರೆ, ಬೀಜ ತೆಗೆದು ತಿರುಳನ್ನಷ್ಟೇ ಇಡುವುದು ಲೇಸು. ಜಾಮ್‌ಗೆಂದೇ ಇಡುವುದಾದರೆ ಕಿಲೋ ಸ್ಟ್ರಾಬೆರಿ ಹೋಳಿಗೆ ಕಾಲು ಕಿಲೋ ಸಕ್ಕರೆ ಬೆರೆಸಬಹುದು. ಬಣ್ಣವೂ ಪರಿಮಳವೂ ಚೆನ್ನಾಗಿ ಉಳಿಯುತ್ತವೆ.

ಮೈನಸ್ 18 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳುವ ಫ್ರೀಜರ್‌ನಲ್ಲಿ ಹಣ್ಣು ಎಂಟು-ಹತ್ತು ತಿಂಗಳು ಚೆನ್ನಾಗಿರುತ್ತದೆ. ಒಂಟಿ ಬಾಗಿಲಿನ ಹಳೆಯ ಫ್ರಿಜ್‌ನ ಮಂಜಿನ ಗೂಡಿಗೆ ಅಷ್ಟು ಚಳಿ ಇರುವುದು ಅಪರೂಪ. ಅಲ್ಲಿಟ್ಟದ್ದನ್ನು ಕೆಲವೇ ವಾರಗಳಲ್ಲಿ ಬಳಸಬೇಕು. ಕರೆಂಟು ಹೋದಾಗ ಬಾಗಿಲು ತೆರೆಯದಿರುವುದೇ ಉಪಾಯ. ಚಳಿ ಸೂಕ್ಷ್ಮಜೀವಿಗಳನ್ನೆಲ್ಲ ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ; ಹಣ್ಣು ಕರಗಿದರೆ ಅವು ಮತ್ತೆ ಏಳುತ್ತವೆ. ಮಿಲ್ಕ್‌ಶೇಕ್‌ಗೆ ಹಣ್ಣನ್ನು ಕರಗಿಸದೆಯೇ ಹಾಕಬಹುದು. ಪೂರ್ತಿ ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ಇಡದೆ ಅಂದೇ ಕುದಿಸಿ ಜಾಮ್ ಮಾಡುವುದು ಮೇಲು.